ವಿಮಾನ ಹತ್ತುವಾಗ ಗಾಲಿಕುರ್ಚಿ ಸರಕಾಗುವುದೇಕೆ?

ಅಂಗವಿಕಲರ ವಿಮಾನಯಾನದ ಬಗ್ಗೆ ಬರುತ್ತಿರುವ ಸುದ್ದಿಗಳು ಒಂದಕ್ಕೊಂದು ತಾಳೆಯಾಗುವುದಿಲ್ಲ. 2024ರ ಅಕ್ಟೋಬರ್‌ನಲ್ಲಿ ಅಮೆರಿಕದ ಸಾರಿಗೆ ಇಲಾಖೆ ಅಮೆರಿಕನ್ ಏರ್‌ಲೈನ್ಸ್‌ಗೆ 5 ಕೋಟಿ ಡಾಲರ್ ದಂಡ ಹಾಕಿತು. ಅಂಗವಿಕಲ ಪ್ರಯಾಣಿಕರನ್ನೂ ಅವರ ಗಾಲಿಕುರ್ಚಿಗಳನ್ನೂ ಅದು ಸರಿಯಾಗಿ ನೋಡಿಕೊಳ್ಳಲಿಲ್ಲ ಎಂಬುದು ಆರೋಪ. ಡಿಸೆಂಬರ್‌ನಲ್ಲಿ ಅದೇ ಇಲಾಖೆ ಎಲ್ಲ ಸಂಸ್ಥೆಗಳಿಗೂ ಅನ್ವಯವಾಗುವ ಬಿಗಿ ನಿಯಮಾವಳಿ ತಂದಿತು. ಸುಮಾರು ಎರಡು ತಿಂಗಳಲ್ಲಿ ಏರ್‌ಲೈನ್‌ಗಳು ಕೋರ್ಟ್ ಮೆಟ್ಟಿಲೇರಿದವು. 2025ರಲ್ಲಿ ಇಲಾಖೆಯೇ ಹಿಂದೆ ಸರಿದು, ಮುಖ್ಯವಾದ ಕೆಲವು ಅಂಶಗಳನ್ನು ಸದ್ಯಕ್ಕೆ ಜಾರಿ ಮಾಡುವುದಿಲ್ಲ, ಮತ್ತೆ ಬರೆಯುತ್ತೇವೆ ಎಂದಿತು.

ಇನ್ನೊಂದು ದಿಕ್ಕಿನಿಂದ ಬೇರೆಯದೇ ದೂರು ಕೇಳಿಬರುತ್ತಿದೆ. ಗಾಲಿಕುರ್ಚಿ ಕೇಳುವವರ ಸಂಖ್ಯೆ ವಿಪರೀತ ಹೆಚ್ಚಿದೆ, ಅವರಲ್ಲಿ ಅನೇಕರಿಗೆ ಅದು ಬೇಕಾಗಿಯೇ ಇಲ್ಲ ಎಂಬುದು ಏರ್‌ಲೈನ್‌ಗಳ ಅಳಲು. ಫ್ರಾಂಟಿಯರ್ ಏರ್‌ಲೈನ್ಸ್‌ನ ಮುಖ್ಯಸ್ಥರಾಗಿದ್ದ ಬ್ಯಾರಿ ಬಿಫಲ್ 2024ರಲ್ಲಿ, ಒಂದು ವಿಮಾನಕ್ಕೆ 20 ಮಂದಿ ಗಾಲಿಕುರ್ಚಿಯಲ್ಲಿ ಬಂದು ಹತ್ತಿದರು, ಇಳಿಯುವಾಗ ಮೂವರಿಗೆ ಮಾತ್ರ ಅದು ಬೇಕಾಯಿತು ಎಂದು ಬಹಿರಂಗವಾಗಿ ಹೇಳಿದ್ದರು. ಹಾಗಾದರೆ ಅಂಗವಿಕಲರಿಗೆ ಸಿಗುತ್ತಿರುವ ನೆರವು ಕಡಿಮೆಯೋ, ಅತಿಯೋ?

ಎರಡೂ ನಿಜ. ಏಕೆಂದರೆ ಇಲ್ಲಿ ಎರಡು ಬೇರೆ ಬೇರೆ ಸಮಸ್ಯೆಗಳಿಗೆ ಒಂದೇ ಹೆಸರು ಅಂಟಿಕೊಂಡಿದೆ.

ಎರಡು ಕುರ್ಚಿಗಳು

ಮೊದಲನೆಯದು ವಿಮಾನ ನಿಲ್ದಾಣದ ಕುರ್ಚಿ. ಅದು ಏರ್‌ಲೈನಿನ ಅಥವಾ ನಿಲ್ದಾಣದ ಸ್ವತ್ತು. ತಳ್ಳಲು ಒಬ್ಬ ಸಹಾಯಕ ಜೊತೆಗಿರುತ್ತಾನೆ. ಮೊಣಕಾಲು ನೋಯುವ ಅಜ್ಜಿಯನ್ನು, ಶಸ್ತ್ರಚಿಕಿತ್ಸೆಯಿಂದ ಚೇತರಿಸಿಕೊಳ್ಳುತ್ತಿರುವವರನ್ನು, ದೂರ ನಡೆದರೆ ಏದುಸಿರು ಬಿಡುವ ಹೃದ್ರೋಗಿಯನ್ನು ಚೆಕ್-ಇನ್‌ನಿಂದ ಗೇಟಿನವರೆಗೆ ಮುಟ್ಟಿಸುವುದು ಅದರ ಕೆಲಸ. ಗೇಟು ತಲುಪಿದ ಮೇಲೆ ಆ ಪ್ರಯಾಣಿಕನಿಗೂ ಆ ಕುರ್ಚಿಗೂ ಸಂಬಂಧ ಮುಗಿಯಿತು.

ಎರಡನೆಯದು ಪ್ರಯಾಣಿಕನ ಸ್ವಂತ ಕುರ್ಚಿ. ಬೆನ್ನುಹುರಿಗೆ ಪೆಟ್ಟಾದವರು, ಸ್ನಾಯುಕ್ಷಯ ಇರುವವರು ಬಳಸುವ ವಿದ್ಯುತ್‌ಚಾಲಿತ ಕುರ್ಚಿಯನ್ನು ಅವರ ಮೈ ಅಳತೆಗೆ ತಕ್ಕಂತೆಯೇ ಮಾಡಿರುತ್ತಾರೆ. ಬೆನ್ನಿನ ಬಾಗು, ತಲೆಯ ಆಸರೆ, ಒತ್ತಡದ ಹುಣ್ಣಾಗದಂತೆ ನೋಡಿಕೊಳ್ಳುವ ದಿಂಬು, ಕೈಗೆ ಎಟಕುವ ಜಾಯ್‌ಸ್ಟಿಕ್ ಎಲ್ಲವೂ ಆ ಒಂದು ದೇಹಕ್ಕೆಂದೇ ಹೊಂದಿಸಿದವು. ತೂಕ 150 ಕಿಲೋ ದಾಟುವುದು ಅಪರೂಪವಲ್ಲ. ಬೆಲೆ ಹಲವು ಸಾವಿರ ಡಾಲರ್. ಹೆಚ್ಚಿನ ಸೌಲಭ್ಯಗಳಿದ್ದರೆ ಹತ್ತಾರು ಸಾವಿರ. ಅದು ಮುರಿದರೆ ಮಾರನೆಯ ದಿನ ಅಂಗಡಿಗೆ ಹೋಗಿ ಇನ್ನೊಂದನ್ನು ತರುವಂತಿಲ್ಲ. ಹೊಸದು ಸಿದ್ಧವಾಗಲು ತಿಂಗಳುಗಳೇ ಹಿಡಿಯುತ್ತವೆ.

ಕುರ್ಚಿಗಳು ಸಾಲುತ್ತಿಲ್ಲ, ದುರುಪಯೋಗವಾಗುತ್ತಿದೆ ಎಂಬ ಜಗಳವೆಲ್ಲ ಮೊದಲನೆಯ ಕುರ್ಚಿಗೆ ಸೇರಿದ್ದು. ದಂಡ, ದಾವೆ, ನಿಯಮಾವಳಿಯ ಜಗಳದ ತಿರುಳು ಎರಡನೆಯದು. ಸುದ್ದಿಯ ತಲೆಬರಹದಲ್ಲಿ ಎರಡೂ ‘ವೀಲ್‌ಚೇರ್ ವಿವಾದ’ ಎಂದೇ ಬರುವುದರಿಂದ ಒಂದರ ಮೇಲಿನ ಸಿಟ್ಟು ಇನ್ನೊಂದರ ಮೇಲೆ ಬೀಳುತ್ತದೆ.

ಬಾಗಿಲಿನಿಂದ ಸೀಟಿನವರೆಗೆ

ಬಸ್ಸಿಗೆ, ರೈಲಿಗೆ ಗಾಲಿಕುರ್ಚಿ ಸಮೇತ ಹತ್ತಬಹುದಾದ ವ್ಯವಸ್ಥೆ ಹಲವು ದೇಶಗಳಲ್ಲಿದೆ. ವಿಮಾನದಲ್ಲಿ ಅದು ಎಲ್ಲಿಯೂ ಇಲ್ಲ. ಸುರಕ್ಷತಾ ನಿಯಮಗಳ ಪ್ರಕಾರ ಪ್ರಯಾಣಿಕ ವಿಮಾನದ ನಡುದಾರಿ ಕೆಳಭಾಗದಲ್ಲಿ ಕನಿಷ್ಠ 15 ಅಂಗುಲ, ನೆಲದಿಂದ 25 ಅಂಗುಲ ಎತ್ತರದ ಮೇಲೆ 20 ಅಂಗುಲ ಅಗಲವಿದ್ದರೆ ಸಾಕು. ವಯಸ್ಕರ ಗಾಲಿಕುರ್ಚಿಗೆ ಸುಮಾರು 25 ಅಂಗುಲ ಬೇಕು. ಹೀಗಾಗಿ ಪ್ರಯಾಣಿಕನನ್ನು ಬಾಗಿಲ ಬಳಿ ಅವನ ಕುರ್ಚಿಯಿಂದ ಎತ್ತಿ, ಪಟ್ಟಿಗಳಿಂದ ಬಿಗಿದ ಕಿರಿದಾದ ‘ಐಲ್ ಚೇರ್’ಗೆ ಹಾಕಿ, ಅಲ್ಲಿಂದ ಮತ್ತೆ ಎತ್ತಿ ಸೀಟಿಗೆ ದಾಟಿಸಬೇಕು. ಒಂದು ಹಾರಾಟಕ್ಕೆ ಇಂಥ ನಾಲ್ಕು ಎತ್ತುವಿಕೆಗಳು: ಹತ್ತುವಾಗ ಎರಡು, ಇಳಿಯುವಾಗ ಎರಡು. ಎತ್ತುವವರಿಗೆ ತರಬೇತಿ ಇಲ್ಲದಿದ್ದರೆ ಭುಜ ಉಳುಕುತ್ತದೆ, ಚರ್ಮ ತರಚುತ್ತದೆ, ಕೆಲವೊಮ್ಮೆ ಜನ ಕೆಳಗೆ ಬೀಳುತ್ತಾರೆ. ಕಾಲಿನಲ್ಲಿ ಸ್ಪರ್ಶಜ್ಞಾನ ಇಲ್ಲದವರಿಗೆ ಗಾಯವಾದದ್ದು ಗೊತ್ತಾಗುವುದೂ ತಡವಾಗಿ.

ಯಾರಿಗೆ ಎಷ್ಟು ನೆರವು ಬೇಕೆಂಬುದಕ್ಕೂ ಏರ್‌ಲೈನ್‌ಗಳು ಸಂಕೇತ ಇಟ್ಟಿವೆ. ಮೆಟ್ಟಿಲು ಹತ್ತಬಲ್ಲ, ಆದರೆ ದೂರ ನಡೆಯಲಾರದವರಿಗೆ ಡಬ್ಲ್ಯುಸಿಎಚ್‌ಆರ್ ಎಂಬ ಸಂಕೇತ. ಮೆಟ್ಟಿಲೂ ಹತ್ತಲಾಗದವರಿಗೆ ಡಬ್ಲ್ಯುಸಿಎಚ್‌ಎಸ್. ಸೀಟಿನವರೆಗೆ ಎತ್ತಿಕೊಂಡೇ ಹೋಗಬೇಕಾದವರಿಗೆ ಡಬ್ಲ್ಯುಸಿಎಚ್‌ಸಿ. ಟಿಕೆಟ್ ಬುಕ್ ಮಾಡುವಾಗ ಈ ಒಂದಕ್ಷರ ತಪ್ಪಿದರೆ ಗೇಟಿನ ಬಳಿ ಇಬ್ಬರು ಬರಬೇಕಾದಲ್ಲಿ ಒಬ್ಬನೇ ಬರುತ್ತಾನೆ, ಮೇಲೆತ್ತುವ ಲಿಫ್ಟ್ ವಾಹನ ಬೇಕಾದಲ್ಲಿ ಮೆಟ್ಟಿಲೇಣಿ ಬಂದು ನಿಲ್ಲುತ್ತದೆ.

ಒಳಗೆ ಸೀಟು ಸಿಕ್ಕ ಮೇಲೆ ಶೌಚಾಲಯದ ಪ್ರಶ್ನೆ. ಎರಡು ನಡುದಾರಿಗಳ ದೊಡ್ಡ ವಿಮಾನಗಳಲ್ಲಿ ಗಾಲಿಕುರ್ಚಿ ಬಳಸುವವರಿಗೆ ಹೊಂದುವ ಶೌಚಾಲಯ ಇರಬೇಕೆಂಬ ನಿಯಮ ಅಮೆರಿಕದಲ್ಲಿ 1990ರಿಂದ ಇದೆ. ಒಂದೇ ನಡುದಾರಿಯ ಬೋಯಿಂಗ್ 737, ಏರ್‌ಬಸ್ ಎ320 ಮಾದರಿಯ ವಿಮಾನಗಳಿಗೆ ಅದು ಅನ್ವಯಿಸುತ್ತಿರಲಿಲ್ಲ. ಇಂದು ಐದಾರು ಗಂಟೆಗಳ ಹಾರಾಟಕ್ಕೂ ಇವೇ ಬಳಕೆಯಾಗುತ್ತಿವೆ. ಪರಿಣಾಮ: ಪ್ರಯಾಣದ ಹಿಂದಿನ ದಿನದಿಂದಲೇ ನೀರು ಕುಡಿಯುವುದನ್ನು ಬಿಡುವುದು, ವಯಸ್ಕರ ಡೈಪರ್ ಹಾಕಿಕೊಳ್ಳುವುದು ಅನೇಕ ಅಂಗವಿಕಲರಿಗೆ ಪ್ರಯಾಣದ ಸಿದ್ಧತೆಯ ಭಾಗವೇ ಆಗಿಬಿಟ್ಟಿದೆ. ಮೂತ್ರಪಿಂಡದ ತೊಂದರೆ ಇರುವವರಿಗೆ ಈ ‘ಸಿದ್ಧತೆ’ಯೇ ಅಪಾಯ.

ಮುರಿದರೆ ಯಾರು ಹೊಣೆ?

ಮಾಲೀಕ ಸೀಟಿನಲ್ಲಿ ಕುಳಿತಾಗ ಅವನ ಕುರ್ಚಿ ಕೆಳಗಿನ ಸರಕು ಕೋಣೆಗೆ ಹೋಗುತ್ತದೆ. 737ರ ಸರಕು ಬಾಗಿಲಿನ ಎತ್ತರ ಮೂರು ಅಡಿಗಿಂತ ಕಡಿಮೆ. ಎತ್ತರದ ಬೆನ್ನಾಸರೆಯ ಕುರ್ಚಿ ಅದರಲ್ಲಿ ನೆಟ್ಟಗೆ ಹೋಗುವುದಿಲ್ಲ. ಅದನ್ನು ಬಗ್ಗಿಸಬೇಕು, ಬಿಚ್ಚಬೇಕು ಅಥವಾ ಅಡ್ಡ ಮಲಗಿಸಬೇಕು. ಅಡ್ಡ ಮಲಗಿಸಿದರೆ 150 ಕಿಲೋ ಭಾರ ಜಾಯ್‌ಸ್ಟಿಕ್ಕಿನ ಮೇಲೆ ಬೀಳುತ್ತದೆ. ಯಾವ ಕುರ್ಚಿಯನ್ನು ಎಲ್ಲಿ ಹಿಡಿದು ಎತ್ತಬೇಕು, ಗಾಲಿಯ ಬಿಗಿತವನ್ನು ಹೇಗೆ ಸಡಿಲಿಸಬೇಕು ಎಂಬುದು ಮಾದರಿಯಿಂದ ಮಾದರಿಗೆ ಬೇರೆ. ಈ ಕೆಲಸ ಮಾಡುವವರು ಬಹುತೇಕ ಹೊರಗುತ್ತಿಗೆಯ ಕಾರ್ಮಿಕರು. ಇಳಿದ ವಿಮಾನ ಅರ್ಧ ಗಂಟೆ, ಮುಕ್ಕಾಲು ಗಂಟೆಯಲ್ಲಿ ಮತ್ತೆ ಹಾರಬೇಕೆಂಬ ಒತ್ತಡ ಅವರ ತಲೆಯ ಮೇಲಿರುತ್ತದೆ. ಕುರ್ಚಿಗಳು ಮುರಿಯುವುದಕ್ಕೆ ಯಾರದೋ ದುರುದ್ದೇಶ ಹುಡುಕಬೇಕಾಗಿಲ್ಲ, ಈ ವ್ಯವಸ್ಥೆಯಲ್ಲಿ ಮುರಿಯದಿದ್ದರೇ ಆಶ್ಚರ್ಯ.

ಎಷ್ಟು ಮುರಿಯುತ್ತವೆ ಎಂಬುದು ಬಹುಕಾಲ ಯಾರಿಗೂ ಗೊತ್ತಿರಲಿಲ್ಲ, ಲೆಕ್ಕ ಕೊಡಬೇಕೆಂಬ ಕಾನೂನೇ ಇರಲಿಲ್ಲ. ಅಮೆರಿಕದ ದೊಡ್ಡ ಏರ್‌ಲೈನ್‌ಗಳು 2018ರ ಡಿಸೆಂಬರ್‌ನಿಂದ ಕಡ್ಡಾಯವಾಗಿ ವರದಿ ಮಾಡತೊಡಗಿದ ಮೇಲೆ ಅಂಕಿಗಳು ಹೊರಬಂದವು. 2023ರಲ್ಲಿ ಹಾನಿಗೊಂಡ, ಕಳೆದುಹೋದ ಅಥವಾ ತಡವಾಗಿ ತಲುಪಿದ ಗಾಲಿಕುರ್ಚಿ-ಸ್ಕೂಟರ್‌ಗಳು 11 ಸಾವಿರ ಮೀರಿದ್ದವು. ಸಾಗಿಸಿದ ಪ್ರತಿ ನೂರಕ್ಕೆ ಸುಮಾರು 1.4. ಅದೇ ವರ್ಷ ಸಾಮಾನ್ಯ ಬ್ಯಾಗುಗಳ ಲೆಕ್ಕ ನೂರಕ್ಕೆ 0.6ರ ಆಸುಪಾಸು. ಬಟ್ಟೆ ತುಂಬಿದ ಸೂಟ್‌ಕೇಸಿಗಿಂತ ಗಾಲಿಕುರ್ಚಿಗೆ ಅಪಾಯ ಎರಡು ಪಟ್ಟಿಗೂ ಹೆಚ್ಚು ಎಂದಾಯಿತು.

ಅಮೆರಿಕದ ಅಂಗವಿಕಲ ಹಕ್ಕುಗಳ ಹೋರಾಟಗಾರ್ತಿ ಎಂಗ್ರೇಷಿಯಾ ಫಿಗುರೋವಾ ಅವರ ಪ್ರಕರಣ ಈ ಅಂಕಿಗಳ ಹಿಂದೆ ಏನಿದೆ ಎಂಬುದನ್ನು ತೋರಿಸಿತು. 2021ರಲ್ಲಿ ವಿಮಾನ ಪ್ರಯಾಣದ ವೇಳೆ ಅವರ ಕುರ್ಚಿ ಹಾಳಾಯಿತು. ಹೊಂದದ ಬದಲಿ ಕುರ್ಚಿಯಲ್ಲಿ ಗಂಟೆಗಟ್ಟಲೆ ಕುಳಿತದ್ದರಿಂದ ಒತ್ತಡದ ಹುಣ್ಣು ಉಲ್ಬಣಿಸಿತು ಎಂದು ಅವರ ಜೊತೆಗಿದ್ದ ಸಂಘಟನೆ ಹೇಳಿತು. ಆ ವರ್ಷದ ಅಕ್ಟೋಬರ್ ಕೊನೆಯಲ್ಲಿ ಅವರು ತೀರಿಕೊಂಡರು.

ಇನ್ನು ಪರಿಹಾರ. ಅಂತರರಾಷ್ಟ್ರೀಯ ಹಾರಾಟಗಳಿಗೆ ಅನ್ವಯವಾಗುವುದು 1999ರ ಮಾಂಟ್ರಿಯಲ್ ಒಪ್ಪಂದ. ಅದರಲ್ಲಿ ಗಾಲಿಕುರ್ಚಿಗೆ ಪ್ರತ್ಯೇಕ ಸ್ಥಾನವೇ ಇಲ್ಲ, ಅದೂ ಬ್ಯಾಗೇಜೇ. ಬ್ಯಾಗೇಜ್ ಕಳೆದರೆ, ಹಾಳಾದರೆ ಪ್ರತಿ ಪ್ರಯಾಣಿಕನಿಗೆ ಸಿಗುವ ಗರಿಷ್ಠ ಪರಿಹಾರ 2024ರ ಡಿಸೆಂಬರ್ 28ರಿಂದ 1,519 ಎಸ್‌ಡಿಆರ್. ಎಸ್‌ಡಿಆರ್ ಅಂದರೆ ಅಂತರರಾಷ್ಟ್ರೀಯ ಹಣಕಾಸು ನಿಧಿಯ ಲೆಕ್ಕದ ಮಾನ. ಈ ಮೊತ್ತ ಸುಮಾರು 2,000 ಡಾಲರ್. ಅದಕ್ಕೆ ಮೊದಲು 1,288 ಇತ್ತು. ಇದೇ ಒಪ್ಪಂದದಲ್ಲಿ ಅಪಘಾತದಿಂದ ಪ್ರಯಾಣಿಕನ ದೇಹಕ್ಕೆ ಗಾಯವಾದರೆ 1,51,880 ಎಸ್‌ಡಿಆರ್‌ವರೆಗೆ ‘ತಪ್ಪು ನಮ್ಮದಲ್ಲ’ ಎಂದು ಸಂಸ್ಥೆ ನುಣುಚಿಕೊಳ್ಳುವಂತಿಲ್ಲ. ಕಾಲಿಗೆ ಒಂದು ಲೆಕ್ಕ, ಕಾಲಿನ ಕೆಲಸ ಮಾಡುವ ಗಾಲಿಗೆ ನೂರನೇ ಒಂದು ಪಾಲಿನ ಲೆಕ್ಕ. ಕಾನೂನು ದೇಹ ಮತ್ತು ಸಾಮಾನಿನ ನಡುವೆ ಗೆರೆ ಎಳೆದ ಜಾಗ ಅಂಗವಿಕಲರ ಪಾಲಿಗೆ ತಪ್ಪಿದೆ. ನನ್ನ ದೃಷ್ಟಿಯಲ್ಲಿ ಉಳಿದ ಬಹುಪಾಲು ತಂಟೆಗಳು ಹುಟ್ಟುವುದು ಈ ಗೆರೆಯಿಂದಲೇ.

ಅಮೆರಿಕದ ಒಳನಾಡಿನ ಹಾರಾಟಗಳಿಗೆ ಈ ಮಿತಿ ಇಲ್ಲ. ಕುರ್ಚಿಯ ಮೂಲ ಖರೀದಿ ಬೆಲೆಯವರೆಗೆ ಸಂಸ್ಥೆ ಕೊಡಬೇಕು. ಆದರೆ ಕೊಡಬೇಕಾದದ್ದನ್ನು ಕೊಡಿಸುವುದು ಯಾರು ಎಂಬಲ್ಲಿ ತೊಡಕಿದೆ. ವಿಮಾನಯಾನದಲ್ಲಿ ಅಂಗವಿಕಲರ ವಿರುದ್ಧ ತಾರತಮ್ಯ ಕೂಡದೆಂಬ ಅಲ್ಲಿನ ಏರ್ ಕ್ಯಾರಿಯರ್ ಆ್ಯಕ್ಸೆಸ್ ಕಾಯ್ದೆ 1986ರದು, ಅಂದರೆ ಅಂಗವಿಕಲರಿಗೆಂದೇ ಬಂದ 1990ರ ಪ್ರಸಿದ್ಧ ಕಾನೂನಿಗಿಂತ ಹಳೆಯದು. ಅದರಡಿ ಪ್ರಯಾಣಿಕ ನೇರವಾಗಿ ಕೋರ್ಟಿಗೆ ಹೋಗುವಂತಿಲ್ಲ ಎಂದು ಅಲ್ಲಿನ ಮೇಲ್ಮನವಿ ನ್ಯಾಯಾಲಯಗಳು ತೀರ್ಪು ಕೊಡುತ್ತ ಬಂದಿವೆ. ಉಳಿಯುವ ದಾರಿ ಇಲಾಖೆಗೆ ದೂರು. ಹೀಗಾಗಿ ಇಲಾಖೆ ಬಿಗಿಯಾದರೆ ಹಕ್ಕೂ ಬಿಗಿ, ಇಲಾಖೆ ಸಡಿಲವಾದರೆ ಹಕ್ಕೂ ಸಡಿಲ.

ಅಮೆರಿಕದ ಹೊಸ ನಿಯಮದ ಜಗಳ ನಿಜಕ್ಕೂ ಯಾವುದರ ಬಗ್ಗೆ?

2024ರ ಡಿಸೆಂಬರ್‌ನ ನಿಯಮಾವಳಿಯಲ್ಲಿ ಹಲವು ಅಂಶಗಳಿವೆ. ಕುರ್ಚಿ ಎತ್ತುವ, ಜನರನ್ನು ಎತ್ತುವ ಸಿಬ್ಬಂದಿಗೆ ವರ್ಷಕ್ಕೊಮ್ಮೆ ಕೈಯಾರೆ ಮಾಡಿ ಕಲಿಯುವ ತರಬೇತಿ. ಕುರ್ಚಿ ಹಾಳಾದರೆ ತಾತ್ಕಾಲಿಕ ಬದಲಿ. ರಿಪೇರಿ ಯಾರಿಂದ ಎಂಬ ಆಯ್ಕೆ ಪ್ರಯಾಣಿಕನಿಗೆ. ಕುರ್ಚಿ ವಿಮಾನಕ್ಕೆ ಏರಿತೋ ಇಲ್ಲವೋ ಎಂದು ತಿಳಿಸುವುದು. ತನ್ನ ಕುರ್ಚಿ ಹಿಡಿಸದ ವಿಮಾನ ಬಿಟ್ಟು ಹೆಚ್ಚು ದುಬಾರಿ ವಿಮಾನ ಹಿಡಿಯಬೇಕಾದರೆ ದರದ ವ್ಯತ್ಯಾಸ ವಾಪಸ್.

ಇವುಗಳಲ್ಲಿ ಏರ್‌ಲೈನ್‌ಗಳನ್ನು ಹೆಚ್ಚು ಕೆಣಕಿದ್ದು ಹೊಣೆಗಾರಿಕೆಯ ಅಂಶ. ಸರಿಯಿದ್ದ ಕುರ್ಚಿ ಸರಿಯಿಲ್ಲದೆ ವಾಪಸ್ ಬಂದರೆ ತಪ್ಪು ಸಂಸ್ಥೆಯದೆಂದೇ ಮೊದಲು ಭಾವಿಸಲಾಗುತ್ತದೆ. ಅಲ್ಲವೆಂದು ತೋರಿಸುವ ಭಾರ ಸಂಸ್ಥೆಯ ಮೇಲೆ. ಅವುಗಳ ವಾದ ಪೂರ್ತಿ ಹುರುಳಿಲ್ಲದ್ದೇನೂ ಅಲ್ಲ. ಎಷ್ಟೇ ಎಚ್ಚರ ವಹಿಸಿದರೂ ಕೆಲವೊಮ್ಮೆ ಹಾನಿಯಾಗುತ್ತದೆ, ಪ್ರತಿ ಹಾನಿಯನ್ನೂ ನಾಗರಿಕ ಹಕ್ಕಿನ ಉಲ್ಲಂಘನೆ ಎಂದು ದಂಡ ಹಾಕುವುದು ಕಾಯ್ದೆ ಕೊಟ್ಟ ಅಧಿಕಾರವನ್ನು ಮೀರಿದ್ದು ಎನ್ನುತ್ತಾರೆ. ಅಂಗವಿಕಲ ಸಂಘಟನೆಗಳ ಉತ್ತರ ಸರಳ: ಕುರ್ಚಿ ಸರಕು ಕೋಣೆಗೆ ಹೋದ ಮೇಲೆ ಏನಾಯಿತೆಂದು ನೋಡಿದವರು ಸಂಸ್ಥೆಯ ಜನ ಮಾತ್ರ. ಸಾಕ್ಷ್ಯ ಯಾರ ಕೈಯಲ್ಲಿದೆಯೋ ರುಜುವಾತಿನ ಭಾರವೂ ಅವರದೇ ಆಗಬೇಕಲ್ಲವೇ? 2023ರ ಕೊನೆಯಲ್ಲಿ ಮಯಾಮಿ ನಿಲ್ದಾಣದಲ್ಲಿ ಗಾಲಿಕುರ್ಚಿಯೊಂದನ್ನು ಬ್ಯಾಗು ಇಳಿಸುವ ಜಾರುಬಂಡೆಯಲ್ಲಿ ಉರುಳಿಬಿಟ್ಟ ದೃಶ್ಯ ವೈರಲ್ ಆಗದಿದ್ದರೆ ಅದೂ ‘ಸಾಗಣೆಯಲ್ಲಿ ಆದ ಹಾನಿ’ ಎಂದು ದಾಖಲಾಗಿ ಮುಗಿಯುತ್ತಿತ್ತು.

ಇಲಾಖೆ ಈಗ ಕೈಬಿಟ್ಟಿರುವುದು ಇಡೀ ನಿಯಮಾವಳಿಯನ್ನಲ್ಲ. ಹೊಣೆಗಾರಿಕೆ, ಮರುತರಬೇತಿಯ ಆವರ್ತನ, ಮುಂಚಿತ ಮಾಹಿತಿ, ದರ ವ್ಯತ್ಯಾಸ ಈ ನಾಲ್ಕು ಅಂಶಗಳನ್ನು 2026ರ ಕೊನೆಯವರೆಗೆ ಜಾರಿಗೊಳಿಸದೆ ಇಟ್ಟಿದೆ. ಬದಲಿ ಕುರ್ಚಿ, ರಿಪೇರಿಯ ಆಯ್ಕೆ ಮುಂತಾದವು ಪುಸ್ತಕದಲ್ಲಿ ಹಾಗೆಯೇ ಇವೆ. ‘ನಿಯಮ ರದ್ದು’ ಎಂಬ ತಲೆಬರಹ ಓದಿದವರು ಇದನ್ನು ಗಮನಿಸಬೇಕು.

ಬ್ಯಾಟರಿ: ನಿಜವಾದ ಅಪಾಯ, ಅನಗತ್ಯ ಗೊಂದಲ

ವಿದ್ಯುತ್ ಕುರ್ಚಿಯ ಲಿಥಿಯಂ ಬ್ಯಾಟರಿ ವಿಮಾನದಲ್ಲಿ ಅಪಾಯಕಾರಿ ವಸ್ತುಗಳ ಪಟ್ಟಿಗೆ ಸೇರುತ್ತದೆ. ಇದು ನೆಪವಲ್ಲ; ಸರಕು ಕೋಣೆಯಲ್ಲಿ ಹೊತ್ತಿದ ಲಿಥಿಯಂ ಬೆಂಕಿಯನ್ನು ಆರಿಸುವುದು ಬಹಳ ಕಷ್ಟ. ಮಡಚುವ ಕುರ್ಚಿಯ ಬ್ಯಾಟರಿ ಬಿಚ್ಚುವಂತಿದ್ದರೆ ಅದನ್ನು ತೆಗೆದು ಕ್ಯಾಬಿನ್ನಿಗೆ ಒಯ್ಯಬೇಕು, ಅದು 300 ವಾಟ್-ಅವರ್ (ಬ್ಯಾಟರಿ ಹಿಡಿಯುವ ಶಕ್ತಿಯ ಅಳತೆ) ಮೀರಬಾರದು. ಹೆಚ್ಚುವರಿಯಾಗಿ 300ರ ಒಂದು ಅಥವಾ 160ರ ಎರಡು ಬ್ಯಾಟರಿಗಳಿಗೆ ಅವಕಾಶವಿದೆ. ಬ್ಯಾಟರಿ ಕುರ್ಚಿಯೊಳಗೇ ಭದ್ರವಾಗಿ ಕೂರುವಂತಿದ್ದರೆ ಅದನ್ನು ಕುರ್ಚಿಯ ಜೊತೆಗೇ ಸಾಗಿಸಬಹುದು.

ನಿಯಮ ಇಷ್ಟು ಸ್ಪಷ್ಟವಿದ್ದರೂ ಗೇಟಿನ ಬಳಿ ಜಗಳ ನಡೆಯುವುದು, ಪವರ್ ಬ್ಯಾಂಕಿನ 100 ವಾಟ್-ಅವರ್ ಮಿತಿಯನ್ನು ಕುರ್ಚಿಯ ಬ್ಯಾಟರಿಗೂ ಅನ್ವಯಿಸುವ ಸಿಬ್ಬಂದಿಯಿಂದ. ಮುಂಚೆಯೇ ಬ್ಯಾಟರಿಯ ವಿವರ ತಿಳಿಸಿ ಲಿಖಿತ ಒಪ್ಪಿಗೆ ಇಟ್ಟುಕೊಂಡವರು ಸುಲಭವಾಗಿ ದಾಟುತ್ತಾರೆ. ಅದನ್ನು ಹೇಳುವುದು ಸುಲಭ, 48 ಗಂಟೆ ಮುಂಚೆ ತಿಳಿಸಿದ ಮಾಹಿತಿ ಗೇಟಿನ ಸಿಬ್ಬಂದಿಯನ್ನು ತಲುಪಿರುತ್ತದೆ ಎಂಬ ಖಾತ್ರಿಯೊಂದಿದ್ದರೆ.

ದೀರ್ಘಕಾಲದ ಕಾಯಿಲೆ ಮತ್ತು ತೆಳುವಾದ ಗಾಳಿ

ಗಾಲಿಕುರ್ಚಿ ಕಣ್ಣಿಗೆ ಬೀಳುತ್ತದೆ, ಶ್ವಾಸಕೋಶ ಬೀಳುವುದಿಲ್ಲ. ವಿಮಾನ 35 ಸಾವಿರ ಅಡಿ ಎತ್ತರದಲ್ಲಿದ್ದಾಗ ಕ್ಯಾಬಿನ್ನಿನ ಒಳಗಿನ ಒತ್ತಡ 6,000ದಿಂದ 8,000 ಅಡಿ ಎತ್ತರದ ಬೆಟ್ಟದ ಮೇಲಿರುವಷ್ಟು. 8,000 ಅಡಿಯ ಮಟ್ಟದಲ್ಲಿ ಒಂದು ಉಸಿರಿಗೆ ಸಿಗುವ ಆಮ್ಲಜನಕ, ಸಮುದ್ರಮಟ್ಟದಲ್ಲಿ ಶೇ 21ರ ಬದಲು ಶೇ 15ರಷ್ಟಿರುವ ಗಾಳಿಯನ್ನು ಉಸಿರಾಡಿದಂತೆ. ಆರೋಗ್ಯವಂತರಿಗೆ ಇದು ಗೊತ್ತೂ ಆಗುವುದಿಲ್ಲ. ಸಿಒಪಿಡಿ (ಶ್ವಾಸನಾಳ ಕಿರಿದಾಗುವ ದೀರ್ಘಕಾಲದ ಕಾಯಿಲೆ), ಶ್ವಾಸಕೋಶದ ಫೈಬ್ರೋಸಿಸ್, ಹೃದಯ ವೈಫಲ್ಯ ಇರುವವರಿಗೆ ಅಷ್ಟೇ ಇಳಿಕೆ ಸಾಕು, ರಕ್ತದ ಆಮ್ಲಜನಕ ಅಪಾಯದ ಮಟ್ಟ ಮುಟ್ಟಬಹುದು. ಬೋಯಿಂಗ್ 787, ಏರ್‌ಬಸ್ ಎ350ಯಂಥ ಹೊಸ ವಿಮಾನಗಳು ಕ್ಯಾಬಿನ್ ಒತ್ತಡವನ್ನು 6,000 ಅಡಿಯ ಆಸುಪಾಸಿನಲ್ಲಿ ಕಾಯ್ದುಕೊಳ್ಳಬಲ್ಲವು. ಇಂಥವರು ವಿಮಾನದ ಮಾದರಿ ನೋಡಿ ಟಿಕೆಟ್ ಕೊಳ್ಳುವುದರಲ್ಲಿ ಅರ್ಥವಿದೆ.

ಸ್ವಂತ ಆಮ್ಲಜನಕ ಸಿಲಿಂಡರ್ ತರುವುದನ್ನು ಅಮೆರಿಕದಂಥ ದೇಶಗಳು ನಿಷೇಧಿಸಿವೆ. ಹೊರಗಿನ ಗಾಳಿಯಿಂದಲೇ ಆಮ್ಲಜನಕ ಸಾಂದ್ರಗೊಳಿಸುವ ಸಣ್ಣ ಯಂತ್ರಗಳಿಗೆ ಅಲ್ಲಿ 2005ರಲ್ಲಿ ಒಪ್ಪಿಗೆ ಸಿಕ್ಕಿತು. ಆದರೆ ಅದಕ್ಕೂ ಷರತ್ತು: ಹಾರಾಟದ ಅವಧಿಯ ಒಂದೂವರೆ ಪಟ್ಟು ನಡೆಯುವಷ್ಟು ಬ್ಯಾಟರಿ ಪ್ರಯಾಣಿಕನೇ ತರಬೇಕೆಂದು ಸಂಸ್ಥೆ ಕೇಳಬಹುದು. 14 ಗಂಟೆಯ ಹಾರಾಟಕ್ಕೆ 21 ಗಂಟೆಯ ಬ್ಯಾಟರಿ. ಎರಡು ಹಾರಾಟಗಳ ನಡುವೆ ಚಾರ್ಜ್ ಮಾಡಲು ಪ್ಲಗ್ ಸಿಗುತ್ತದೆಯೇ ಎಂಬುದರ ಮೇಲೆ ಇಡೀ ಪ್ರಯಾಣ ನಿಂತಿರುತ್ತದೆ.

ಇನ್ಸುಲಿನ್ ಬಳಸುವವರ ತಲೆನೋವು ಭದ್ರತಾ ತಪಾಸಣೆಯಲ್ಲಿ. 2006ರಿಂದ ಬಂದ 100 ಮಿಲಿಲೀಟರ್ ದ್ರವದ ಮಿತಿ ಔಷಧಕ್ಕೆ ಅನ್ವಯಿಸುವುದಿಲ್ಲ. ಚೆಕ್-ಇನ್ ಬ್ಯಾಗಿನಲ್ಲಿ ಇನ್ಸುಲಿನ್ ಇಡಲೇಬಾರದು. ಸರಕು ಕೋಣೆಯ ಚಳಿಗೆ ಅದು ಹೆಪ್ಪುಗಟ್ಟಿ ಕೆಡಬಹುದು, ಬ್ಯಾಗು ಬೇರೆ ಊರಿಗೆ ಹೋದರಂತೂ ಹೇಳುವುದೇ ಬೇಡ. ಕೆಲವು ಪಂಪು ಮತ್ತು ಗ್ಲೂಕೋಸ್ ಸೆನ್ಸರ್‌ಗಳನ್ನು ಎಕ್ಸ್-ರೇ ಯಂತ್ರದೊಳಗೆ ಹಾಯಿಸಬೇಡಿ ಎಂದು ತಯಾರಕರೇ ಹೇಳುತ್ತಾರೆ. ಆಗ ಕೈಯಿಂದ ತಪಾಸಣೆ ಕೇಳುವುದು ಪ್ರಯಾಣಿಕನ ಪಾಲಿನ ಕೆಲಸ.

ಹಾರಲು ಯೋಗ್ಯರೋ ಅಲ್ಲವೋ ಎಂದು ತಿಳಿಯಲು ಏರ್‌ಲೈನ್‌ಗಳು ಮೆಡಿಫ್ ಎಂಬ ವೈದ್ಯಕೀಯ ನಮೂನೆ ಬಳಸುತ್ತವೆ. ಇತ್ತೀಚಿನ ಶಸ್ತ್ರಚಿಕಿತ್ಸೆ, ಹೃದಯಾಘಾತ, ಹಾರಾಟದಲ್ಲಿ ಆಮ್ಲಜನಕದ ಅಗತ್ಯ ಇವಕ್ಕೆಲ್ಲ ಅದು ನ್ಯಾಯವಾದದ್ದೇ. ಸ್ಥಿರವಾಗಿರುವ ಅಂಗವೈಕಲ್ಯಕ್ಕೂ ಅದನ್ನೇ ಕೇಳಿದರೆ ಹಕ್ಕು ಅನುಮತಿಯಾಗಿ ಮಾರ್ಪಡುತ್ತದೆ. ಮೈಕೈ ಚಲನೆಗೆ ತೊಡಕಾಗುವ ಸೆರೆಬ್ರಲ್ ಪಾಲ್ಸಿ ಕಾಯಿಲೆಯಲ್ಲ, ನಾಳೆ ಉಲ್ಬಣಿಸುವುದಿಲ್ಲ. ಭಾರತದಲ್ಲಿ 2012ರಲ್ಲಿ, ಸೆರೆಬ್ರಲ್ ಪಾಲ್ಸಿ ಇರುವ ಜೀಜಾ ಘೋಷ್ ಅವರನ್ನು ಕೋಲ್ಕತ್ತದಿಂದ ಗೋವಾಕ್ಕೆ ಹೊರಟಿದ್ದ ಸ್ಪೈಸ್‌ಜೆಟ್ ವಿಮಾನದಿಂದ ಇಳಿಸಿದಾಗ ಆದದ್ದು ಇದೇ ಗಲಿಬಿಲಿ. ಸುಪ್ರೀಂ ಕೋರ್ಟ್ 2016ರ ಮೇ ತಿಂಗಳಲ್ಲಿ 10 ಲಕ್ಷ ರೂಪಾಯಿ ಪರಿಹಾರ ಕೊಡಿಸಿತು. ಆರು ವರ್ಷದ ನಂತರ ರಾಂಚಿಯಲ್ಲಿ ಇಂಡಿಗೊ ಅಂಗವಿಕಲ ಮಗುವೊಂದಕ್ಕೆ ವಿಮಾನ ಹತ್ತಲು ಬಿಡಲಿಲ್ಲ. ಭಾರತದ ವಿಮಾನಯಾನ ನಿಯಂತ್ರಕ ಸಂಸ್ಥೆ ಡಿಜಿಸಿಎ 5 ಲಕ್ಷ ರೂಪಾಯಿ ದಂಡ ಹಾಕಿ, ನಿಯಮ ತಿದ್ದಿತು: ಅಂಗವೈಕಲ್ಯದ ಕಾರಣಕ್ಕೆ ನಿರಾಕರಿಸುವಂತಿಲ್ಲ, ಹಾರಾಟದಲ್ಲಿ ಆರೋಗ್ಯ ಕೆಡಬಹುದೆಂಬ ಅನುಮಾನವಿದ್ದರೆ ವೈದ್ಯರು ನೋಡಿ ಹೇಳಬೇಕು, ಗೇಟಿನ ಸಿಬ್ಬಂದಿಯಲ್ಲ.

ನಿರಾಕರಣೆಗೆ ಕೊಡುವ ಕಾರಣ ಸಾಮಾನ್ಯವಾಗಿ ಸುರಕ್ಷತೆ. ದೊಡ್ಡ ವಿಮಾನವನ್ನು ಅರ್ಧದಷ್ಟು ಬಾಗಿಲುಗಳಿಂದ 90 ಸೆಕೆಂಡಿನಲ್ಲಿ ಖಾಲಿ ಮಾಡಲು ಸಾಧ್ಯವೆಂದು ತಯಾರಕರು ತೋರಿಸಬೇಕು. ಆದರೆ ಆ ಪರೀಕ್ಷೆಗಳಲ್ಲಿ ಅಂಗವಿಕಲರನ್ನು ಸೇರಿಸುವುದೇ ಇಲ್ಲ. ಅವರನ್ನು ಹೊರಗಿಟ್ಟು ಪರೀಕ್ಷಿಸಿ, ಅವರಿದ್ದರೆ ಸುರಕ್ಷತೆ ಕೆಡುತ್ತದೆ ಎನ್ನುವ ತರ್ಕ ನ್ಯಾಯಾಲಯಗಳಿಗೂ ಯಾವಾಗಲೂ ಹಿಡಿಸಿಲ್ಲ. ಜೊತೆಗಾರರಿಲ್ಲದ ಅಂಗವಿಕಲರನ್ನು ಹತ್ತಿಸಿಕೊಳ್ಳದ ಈಸಿಜೆಟ್‌ಗೆ ಫ್ರಾನ್ಸಿನ ನ್ಯಾಯಾಲಯ 2012ರಲ್ಲಿ 70,000 ಯೂರೋ ದಂಡ ವಿಧಿಸಿತ್ತು.

‘ಪವಾಡ’ದ ಹಿಂದೆ

ಈಗ ಬಿಫಲ್ ಹೇಳಿದ ಲೆಕ್ಕಕ್ಕೆ ಬರೋಣ. ಹತ್ತುವಾಗ ಕುರ್ಚಿ ಬೇಕಿದ್ದವರಿಗೆ ಇಳಿಯುವಾಗ ಬೇಡವಾಗುವುದನ್ನು ಏರ್‌ಲೈನ್ ವಲಯದಲ್ಲಿ ವ್ಯಂಗ್ಯವಾಗಿ ಪವಾಡ ಎನ್ನುತ್ತಾರೆ. ವೀಲ್‌ಚೇರ್ ಕೇಳಿದರೆ ಭದ್ರತಾ ಸಾಲು ತಪ್ಪುತ್ತದೆ, ಮೊದಲು ಹತ್ತಬಹುದು. ಹಾಗೆಂದು ಸಾಮಾಜಿಕ ಜಾಲತಾಣಗಳಲ್ಲಿ ಸಲಹೆ ಕೊಡುವವರಿದ್ದಾರೆ. ಮೋಸ ಇಲ್ಲವೆನ್ನಲಾಗದು.

ಆದರೆ ಇಳಿದು ನಡೆದವರೆಲ್ಲ ಮೋಸಗಾರರಲ್ಲ. ಹೋಗುವಾಗ ಭದ್ರತೆ, ವಲಸೆ ತಪಾಸಣೆಗಳ ಸಾಲಿನಲ್ಲಿ ಗಂಟೆಗಟ್ಟಲೆ ನಿಲ್ಲಬೇಕು, ಬರುವಾಗ ಅಷ್ಟಿಲ್ಲ. ಇಳಿದ ಮೇಲೆ ಸಹಾಯಕನಿಗಾಗಿ ಮುಕ್ಕಾಲು ಗಂಟೆ ಕಾಯುವುದಕ್ಕಿಂತ ನೋವು ನುಂಗಿ ನಡೆಯುವುದೇ ವಾಸಿ ಎಂದುಕೊಳ್ಳುವವರಿದ್ದಾರೆ. ಮಲ್ಟಿಪಲ್ ಸ್ಕ್ಲೆರೋಸಿಸ್, ಲೂಪಸ್‌ನಂಥ ಕಾಯಿಲೆ ಇರುವವರು ಐವತ್ತು ಹೆಜ್ಜೆ ಆರಾಮಾಗಿ ಇಡಬಲ್ಲರು, ಒಂದು ಕಿಲೋಮೀಟರ್ ಅಲ್ಲ. ಇಂದಿನ ದೊಡ್ಡ ನಿಲ್ದಾಣಗಳಲ್ಲಿ ಒಂದು ಕಿಲೋಮೀಟರ್ ಏನೂ ಅಲ್ಲ.

ಇನ್ನೊಂದು ಕಾರಣ ಭಾರತ-ಅಮೆರಿಕ ಮಾರ್ಗಗಳಲ್ಲಿ ಎದ್ದು ಕಾಣುತ್ತದೆ. ಮಕ್ಕಳನ್ನು ನೋಡಲು ಹೊರಟ ವೃದ್ಧ ತಂದೆತಾಯಿಗೆ ಕಾಲು ಗಟ್ಟಿಯಾಗಿಯೇ ಇರಬಹುದು, ಇಂಗ್ಲಿಷ್ ಬರುವುದಿಲ್ಲ. ಅಪರಿಚಿತ ನಿಲ್ದಾಣದಲ್ಲಿ ಟರ್ಮಿನಲ್ ಬದಲಿಸಬೇಕು, ಫಾರಂ ತುಂಬಬೇಕು. ಅವರಿಗೆ ಬೇಕಿರುವುದು ಕುರ್ಚಿಯಲ್ಲ, ಕೈಹಿಡಿದು ದಾರಿ ತೋರಿಸುವವರು. ಉಚಿತವಾಗಿ ಅದು ಸಿಗುವ ಒಂದೇ ದಾರಿ ವೀಲ್‌ಚೇರ್ ಎಂದು ಮಕ್ಕಳು ಅದನ್ನೇ ಬುಕ್ ಮಾಡುತ್ತಾರೆ. ದಾರಿ ತೋರಿಸುವ ಸೇವೆ ಬೇರೆಯಾಗಿ, ಅಗ್ಗವಾಗಿ ಸಿಕ್ಕರೆ ಬೇಡಿಕೆಯ ದೊಡ್ಡ ಪಾಲು ಕರಗುತ್ತದೆ ಎಂಬುದು ನನ್ನ ಅಂದಾಜು.

ಬೇಡಿಕೆ ಏರಿ ಪೂರೈಕೆ ಏರದಿದ್ದರೆ ಪೆಟ್ಟು ಬೀಳುವುದು ನಿಜಕ್ಕೂ ಬೇಕಿದ್ದವರಿಗೆ. 2024ರ ಫೆಬ್ರುವರಿಯಲ್ಲಿ ನ್ಯೂಯಾರ್ಕ್‌ನಿಂದ ಮುಂಬೈಗೆ ಬಂದಿಳಿದ 80 ವರ್ಷದ ಪ್ರಯಾಣಿಕರೊಬ್ಬರಿಗೂ ಅವರ ಪತ್ನಿಗೂ ಸೇರಿ ಒಂದೇ ಕುರ್ಚಿ ದೊರೆಯಿತು. ಪತ್ನಿಯನ್ನು ಕೂರಿಸಿ ತಾವು ನಡೆದ ಅವರು ಕುಸಿದುಬಿದ್ದು ಮೃತಪಟ್ಟರು. ಡಿಜಿಸಿಎ ಏರ್ ಇಂಡಿಯಾಗೆ 30 ಲಕ್ಷ ರೂಪಾಯಿ ದಂಡ ಹಾಕಿತು.

ಹಾಗಾದರೆ ಶುಲ್ಕ ಹಾಕಬಹುದೇ, ವೈದ್ಯರ ಚೀಟಿ ಕೇಳಬಹುದೇ? ಅಮೆರಿಕ ಮತ್ತು ಯುರೋಪಿನಲ್ಲಿ ಈ ನೆರವು ಉಚಿತ, ಪುರಾವೆಯನ್ನೂ ಕೇಳುವಂತಿಲ್ಲ. ಚೀಟಿ ಕಡ್ಡಾಯವಾದರೆ ಸುಳ್ಳುಗಾರ ಒಂದು ಚೀಟಿ ಹೊಂದಿಸಿಕೊಳ್ಳುತ್ತಾನೆ. ಹೊರಗೆ ಕಾಣದ ಕಾಯಿಲೆಯವರು ಪ್ರತಿ ಸಲ ತಮ್ಮ ರೋಗವನ್ನು ಕೌಂಟರಿನಲ್ಲಿ ಬಿಚ್ಚಿಡಬೇಕಾಗುತ್ತದೆ. ಕಾಣದ ಅಂಗವೈಕಲ್ಯವನ್ನು ಸೂಚಿಸಲು ಲಂಡನ್ನಿನ ಗ್ಯಾಟ್ವಿಕ್ ನಿಲ್ದಾಣದಲ್ಲಿ 2016ರಲ್ಲಿ ಶುರುವಾದ ಸೂರ್ಯಕಾಂತಿ ಚಿತ್ರದ ಕೊರಳಪಟ್ಟಿ ಈಗ ಹಲವು ದೇಶಗಳಲ್ಲಿದೆ. ಅದು ಯಾವ ಹಕ್ಕನ್ನೂ ಕೊಡುವುದಿಲ್ಲ. ‘ಸ್ವಲ್ಪ ತಾಳ್ಮೆ ಇರಲಿ’ ಎಂದು ಸಿಬ್ಬಂದಿಗೆ ಮೌನವಾಗಿ ಹೇಳುತ್ತದೆ, ಅಷ್ಟೇ.

ಖರ್ಚು ಯಾರ ಮೇಲೆ?

ಯುರೋಪಿನ 1107/2006 ಸಂಖ್ಯೆಯ ನಿಯಮ 2008ರ ಜುಲೈನಿಂದ ಪೂರ್ಣವಾಗಿ ಜಾರಿಯಲ್ಲಿದೆ. ಅದು ನೆರವಿನ ಹೊಣೆಯನ್ನು ನಿಲ್ದಾಣಕ್ಕೆ ವಹಿಸಿತು. ಖರ್ಚನ್ನು ಎಲ್ಲ ಏರ್‌ಲೈನ್‌ಗಳೂ ತಮ್ಮ ಪ್ರಯಾಣಿಕರ ಸಂಖ್ಯೆಗೆ ಅನುಗುಣವಾಗಿ ಹಂಚಿಕೊಳ್ಳುತ್ತವೆ. ಅಂಗವಿಕಲರನ್ನು ಹತ್ತಿಸಿಕೊಳ್ಳದ ಸಂಸ್ಥೆಗೂ ಅಷ್ಟೇ ಖರ್ಚು ಬೀಳುವುದರಿಂದ ಅವರನ್ನು ದೂರವಿಟ್ಟು ಉಳಿಸುವುದೇನೂ ಇಲ್ಲ. ಅಮೆರಿಕದಲ್ಲಿ ಹೊಣೆ ನೇರವಾಗಿ ಏರ್‌ಲೈನಿನದು. ದೂರು ಯಾರ ಮೇಲೆಂಬ ಗೊಂದಲ ಅಲ್ಲಿ ಕಡಿಮೆ, ಆದರೆ ಹೆಚ್ಚು ಅಂಗವಿಕಲರನ್ನು ಒಯ್ಯುವ ಸಂಸ್ಥೆಗೆ ಹೆಚ್ಚು ಖರ್ಚು. ಯುರೋಪಿನ ಮಾದರಿಗೂ ಬಿರುಕಿದೆ: ಮನುಷ್ಯನನ್ನು ಒಯ್ಯುವವರು ನಿಲ್ದಾಣದ ಗುತ್ತಿಗೆದಾರರು, ಅವನ ಕುರ್ಚಿಯನ್ನು ಒಯ್ಯುವವರು ಏರ್‌ಲೈನಿನ ಗುತ್ತಿಗೆದಾರರು. ಇಬ್ಬರ ಸಮಯ ಹೊಂದದಿದ್ದರೆ ಮನುಷ್ಯ ವಿಮಾನದ ಬಾಗಿಲಲ್ಲಿ, ಕುರ್ಚಿ ಬ್ಯಾಗೇಜ್ ಬೆಲ್ಟಿನ ಮೇಲೆ.

ಕೆನಡಾ ಇನ್ನೊಂದು ಹೆಜ್ಜೆ ಮುಂದಿದೆ. ಅಂಗವೈಕಲ್ಯದ ಕಾರಣ ಜೊತೆಗಾರ ಬೇಕೇ ಬೇಕೆಂದಾದರೆ ಅವನಿಗೆ, ಇಲ್ಲವೇ ಎರಡು ಸೀಟು ಬೇಕಾದರೆ ಎರಡನೆಯದಕ್ಕೆ, ಒಳನಾಡಿನ ಹಾರಾಟದಲ್ಲಿ ಪ್ರತ್ಯೇಕ ದರ ಇಲ್ಲ. 2008ರಲ್ಲಿ ಅಲ್ಲಿನ ಸಾರಿಗೆ ಪ್ರಾಧಿಕಾರ ಕೊಟ್ಟ ಈ ತೀರ್ಪಿನ ವಿರುದ್ಧ ದೊಡ್ಡ ಏರ್‌ಲೈನ್‌ಗಳು ಮೇಲ್ಮನವಿಗೆ ಹೋದವು, ಸುಪ್ರೀಂ ಕೋರ್ಟ್ ಕೈಗೆತ್ತಿಕೊಳ್ಳಲಿಲ್ಲ. 2009ರಿಂದ ‘ಒಬ್ಬ ವ್ಯಕ್ತಿ, ಒಂದೇ ದರ’ ಜಾರಿಯಲ್ಲಿದೆ. ಏರ್‌ಲೈನ್‌ಗಳು ದಿವಾಳಿಯಾಗುತ್ತವೆ ಎಂಬ ಆಗಿನ ಭಯ ನಿಜವಾಗಲಿಲ್ಲ.

ಮುಂದೆ ಏನಾಗಬಹುದು

ಸ್ವಂತ ಕುರ್ಚಿಯಲ್ಲೇ ಕುಳಿತು ಹಾರಲು ಸಾಧ್ಯವಾದರೆ ಎತ್ತುವಿಕೆ, ಮುರಿತ, ಪರಿಹಾರ ಎಲ್ಲವೂ ಒಟ್ಟಿಗೆ ಕರಗುತ್ತವೆ. ಅಮೆರಿಕದ ರಾಷ್ಟ್ರೀಯ ಅಕಾಡೆಮಿಗಳ ಸಮಿತಿ 2021ರಲ್ಲಿ ಇದಕ್ಕೆ ದಾಟಲಾಗದ ತಾಂತ್ರಿಕ ಅಡ್ಡಿಗಳು ಕಾಣುತ್ತಿಲ್ಲ ಎಂದಿತು. 2023ರ ಜೂನ್‌ನಲ್ಲಿ ಡೆಲ್ಟಾದ ಅಂಗಸಂಸ್ಥೆಯೊಂದು, ಮಡಚಿದರೆ ಗಾಲಿಕುರ್ಚಿಗೆ ಜಾಗ ಬಿಡುವ ಸೀಟಿನ ಮಾದರಿಯನ್ನು ಹ್ಯಾಂಬರ್ಗ್‌ನ ಪ್ರದರ್ಶನದಲ್ಲಿ ಇಟ್ಟಿತು. ಅಪಘಾತದ ಹೊಡೆತಕ್ಕೆ ವಿಮಾನದ ಸೀಟು ತಡೆಯಬೇಕಾದಷ್ಟು ಕುರ್ಚಿಯೂ ತಡೆಯಬೇಕು; ಆ ಪರೀಕ್ಷೆ, ಪ್ರಮಾಣೀಕರಣ ಇನ್ನೂ ಬಾಕಿ. ಅದು ಮುಗಿದರೂ ಸೀಟು ಕಡಿಮೆಯಾಗುವ ಲೆಕ್ಕ ಏರ್‌ಲೈನ್‌ಗಳಿಗೆ ಹಿಡಿಸಬೇಕು.

ಶೌಚಾಲಯದ ಕಥೆ ಗತಿಯ ಅಂದಾಜು ಕೊಡುತ್ತದೆ. 2023ರಲ್ಲಿ ಅಮೆರಿಕ ಮಾಡಿದ ನಿಯಮದಂತೆ 125 ಅಥವಾ ಹೆಚ್ಚು ಸೀಟುಗಳ ಒಂಟಿ ನಡುದಾರಿಯ ಹೊಸ ವಿಮಾನಗಳಲ್ಲಿ ಗಾಲಿಕುರ್ಚಿ ಬಳಸುವವರು ಹೋಗಬಹುದಾದ ಶೌಚಾಲಯ ಇರಬೇಕು. ಇದು ಅನ್ವಯವಾಗುವುದು 2033ರ ನಂತರ ಆರ್ಡರ್ ಮಾಡಿದ ಅಥವಾ 2035ರ ನಂತರ ಕೈಸೇರುವ ವಿಮಾನಗಳಿಗೆ. ವಿಮಾನಗಳು ಇಪ್ಪತ್ತು, ಇಪ್ಪತ್ತೈದು ವರ್ಷ ಹಾರುತ್ತವೆ. 2034ರಲ್ಲಿ ಹಳೆಯ ವಿನ್ಯಾಸದಲ್ಲಿ ಬಂದ ವಿಮಾನ 2050ರ ದಶಕದಲ್ಲೂ ಆಕಾಶದಲ್ಲಿರಬಹುದು.

ಮಾಂಟ್ರಿಯಲ್ ಮಿತಿಗಳ ಪರಿಶೀಲನೆ ಐದು ವರ್ಷಕ್ಕೊಮ್ಮೆ, ಮುಂದಿನದು 2029ರಲ್ಲಿ. ಆಗ ನಡೆಯುವುದು ಹಣದುಬ್ಬರದ ಹೊಂದಾಣಿಕೆ ಮಾತ್ರ. ಗಾಲಿಕುರ್ಚಿಯನ್ನು ಬ್ಯಾಗೇಜಿನಿಂದ ಹೊರತೆಗೆಯಬೇಕೆಂದರೆ ಒಪ್ಪಂದವನ್ನೇ ತಿದ್ದಬೇಕು, ಅದಕ್ಕೆ ಸಹಿ ಹಾಕಿದ ದೇಶಗಳೆಲ್ಲ ಮತ್ತೆ ಕೂರಬೇಕು. ಅದರೊಳಗೇ ಒಂದು ಕಿರುದಾರಿ ಇದೆ: ಚೆಕ್-ಇನ್ ವೇಳೆ ಪ್ರಯಾಣಿಕ ಕುರ್ಚಿಯ ನಿಜ ಬೆಲೆಯನ್ನು ‘ವಿಶೇಷ ಘೋಷಣೆ’ ಮಾಡಿದರೆ 1,519ರ ಮಿತಿ ಅನ್ವಯಿಸುವುದಿಲ್ಲ, ಘೋಷಿಸಿದ ಮೊತ್ತದವರೆಗೆ ಸಂಸ್ಥೆ ಹೊಣೆ. ಇದಕ್ಕೆ ಏರ್‌ಲೈನ್ ಶುಲ್ಕ ಕೇಳಬಹುದು. ಶುಲ್ಕ ಕೇಳಕೂಡದೆಂದು ಕೆನಡಾ ನಿಯಮ ಮಾಡಿದೆ. ಇದಕ್ಕೆ ಒಪ್ಪಂದದ ತಿದ್ದುಪಡಿ ಬೇಕಿಲ್ಲ, ಯಾವ ದೇಶದ ವಿಮಾನಯಾನ ನಿಯಂತ್ರಕರೂ ತಮ್ಮ ಮಟ್ಟದಲ್ಲೇ ಒಂದು ಸುತ್ತೋಲೆಯಿಂದ ಶುರು ಮಾಡಬಹುದಾದ ಕೆಲಸ.